ದಮ್ಮಿಗೆ ದರ್ಜೆ ಹಾಕುವುದು ಯಾಕೆ?

ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಮನೆಗಳಲ್ಲಿ ‘ದಮ್ಮು’ ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ಏದುಸಿರಿಗೂ ದಮ್ಮು, ರೋಗಕ್ಕೂ ದಮ್ಮು. ಮರಾಠಿಯಲ್ಲಿ ಹಾಗಲ್ಲ. ‘ದಮ ಲಾಗಣೆ’ ಎಂದರೆ ಏದುಸಿರು ಬರುವುದು, ‘ದಮಾ’ ಎಂದರೆ ಅಸ್ತಮಾ. ದವಾಖಾನೆಯಲ್ಲಿ ಇವೆರಡು ಕಲಸಿಹೋದರೆ ಡಾಕ್ಟರರಿಗೂ ತೊಂದರೆ, ನಮಗೂ ತೊಂದರೆ. ನಾನು ಇಂದು ಹೇಳಹೊರಟಿರುವುದು ಅಸ್ತಮಾದ ಮಾತಲ್ಲ. ವರ್ಷಾನುಗಟ್ಟಲೆ ಬೀಡಿ ಸೇದಿದವರಿಗೆ, ಬೀಡಿ ಮುಟ್ಟದಿದ್ದರೂ ಒಲೆಯ ಹೊಗೆಯಲ್ಲೇ ಆಯುಷ್ಯ ಕಳೆದ ತಾಯಂದಿರಿಗೆ ಮೆಲ್ಲಗೆ ಅಂಟಿಕೊಳ್ಳುವ ಶ್ವಾಸಕೋಶದ ರೋಗದ ಮಾತು. ಡಾಕ್ಟರರು ಚೀಟಿಯಲ್ಲಿ ಸಿ.ಓ.ಪಿ.ಡಿ. ಎಂದು ಬರೆಯುತ್ತಾರೆ. ಇದರಲ್ಲಿ ಉಸಿರುನಾಳಗಳು ಕಿರಿದಾಗಿ, ಒಳಗೆ ಹೋದ ಗಾಳಿ ಬೇಗ ಹೊರಗೆ ಬರಲಾರದು.

ಈ ಹೆಸರು ಕೇಳಿದೊಡನೆ ಮನೆಮಂದಿ ಕೇಳುವ ಪ್ರಶ್ನೆ ಒಂದೇ: ‘ಇನ್ನೆಷ್ಟು ದಿನ?’ ಕೆಲವರು ಹೆದರಿ ಔಷಧವನ್ನೇ ಬಿಡುತ್ತಾರೆ, ಕೆಲವರು ಹೊಲ ಮಾರಿ ಊರೂರು ತಿರುಗುತ್ತಾರೆ. ಈ ಪ್ರಶ್ನೆಗೆ ವೈದ್ಯಶಾಸ್ತ್ರ ಹೇಗೆ ಉತ್ತರ ಹುಡುಕುತ್ತದೆ ಎಂಬುದನ್ನು ನೋಡೋಣ.

ಮೊದಲ ಅಳತೆ ಊದುವ ಯಂತ್ರದ್ದು, ಅಂದರೆ ಸ್ಪೈರೋಮೀಟರಿನದು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್‌ಸನ್ ಎಂಬ ವೈದ್ಯ ಇಂಥದೊಂದು ಯಂತ್ರದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು ಲೆಕ್ಕ ಪ್ರಕಟಿಸಿದ. ಜೀವವಿಮಾ ಕಂಪನಿಗಳಿಗೂ ಇದು ಉಪಯೋಗವಾದೀತು ಎಂದು ಸೂಚಿಸಿದ. ಉಸಿರು ನೋಡಿ ಆಯುಷ್ಯ ಅಂದಾಜು ಮಾಡುವ ಆಸೆ ಅಷ್ಟು ಹಳೆಯದು!

ಈಗ ಉಸಿರು ತುಂಬ ಎಳೆದುಕೊಂಡು ಜೋರಾಗಿ ಊದಿಸುತ್ತಾರೆ. ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಹೊರಬಂದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನ ಪಾಲು ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ಈ ರೋಗವಿದೆ ಎಂದು ತಿಳಿಯುತ್ತಾರೆ. ಆಮೇಲೆ ಆ ಒಂದು ಸೆಕೆಂಡಿನ ಗಾಳಿಯನ್ನು ಅದೇ ವಯಸ್ಸು, ಅದೇ ಎತ್ತರದ ಆರೋಗ್ಯವಂತರ ಗಾಳಿಯೊಡನೆ ಹೋಲಿಸುತ್ತಾರೆ. ನೂರಕ್ಕೆ 80 ಅಥವಾ ಮೇಲಿದ್ದರೆ ಒಂದನೆಯ ದರ್ಜೆ, 50ರಿಂದ 79 ಎರಡನೆಯದು, 30ರಿಂದ 49 ಮೂರನೆಯದು, 30ಕ್ಕಿಂತ ಕೆಳಗೆ ನಾಲ್ಕನೆಯದು. ಇದಕ್ಕೆ ಗೋಲ್ಡ್ ದರ್ಜೆ ಎಂದು ಹೆಸರು. ಬಂಗಾರದ ಹೆಸರಾದರೂ ಯಾರೂ ಬಯಸುವ ದರ್ಜೆಯಲ್ಲ.

ಆದರೆ ಊದಿದ ಗಾಳಿಯೊಂದನ್ನೇ ನೋಡಿದರೆ ಸಾಲದು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಕೆಲಸ ಮಾಡಿದವನು. 1992ರಲ್ಲಿ ರಿಸರ್ವ್ ಬ್ಯಾಂಕು ಸಾಲಗಳನ್ನು ನಾಲ್ಕು ಗುಂಪು ಮಾಡಿ ಬರೆಯಲು ಹೇಳಿತು. ಬಾಕಿ ಮೊತ್ತ ಒಂದೇ ಇದ್ದರೂ ಒಬ್ಬನದು ಒಳ್ಳೆಯ ಸಾಲ, ಇನ್ನೊಬ್ಬನದು ಸಂದೇಹದ ಸಾಲ. ಕಂತು ಹೇಗೆ ಬರುತ್ತಿದೆ, ಅಡವು ಏನಿದೆ, ಎಲ್ಲ ನೋಡಬೇಕು. ರೋಗದ್ದೂ ಹಾಗೆಯೇ.

2004ರಲ್ಲಿ ಸೆಲ್ಲಿ ಎಂಬ ವೈದ್ಯರೂ ಅವರ ಜೊತೆಗಾರರೂ ‘ಬೋಡ್’ ಎಂಬ ಅಂಕಪಟ್ಟಿ ಪ್ರಕಟಿಸಿದರು. ಊದಿದ ಗಾಳಿಯ ಜೊತೆಗೆ ಮೈತೂಕ, ಏದುಸಿರು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲರು ಎಂಬುದು, ಇಷ್ಟನ್ನೂ ಅದರಲ್ಲಿ ಸೇರಿಸಿದರು. ಒಟ್ಟು ಹತ್ತು ಅಂಕ. ಪರೀಕ್ಷೆಗೆ ವಿರುದ್ಧ, ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು.

ಇಬ್ಬರನ್ನು ಕಲ್ಪಿಸಿಕೊಳ್ಳಿ. ಇಬ್ಬರದೂ 165 ಸೆಂಟಿಮೀಟರ್ ಎತ್ತರ, ಇಬ್ಬರ ಗಾಳಿಯೂ ನೂರಕ್ಕೆ 45. ಅದಕ್ಕೆ ಎರಡೆರಡು ಅಂಕ. ಮೊದಲನೆಯವನ ತೂಕ 65 ಕಿಲೋ, ಆರು ನಿಮಿಷದಲ್ಲಿ 380 ಮೀಟರ್ ನಡೆಯುತ್ತಾನೆ, ದಿಬ್ಬ ಹತ್ತುವಾಗಷ್ಟೇ ಏದುಸಿರು. ಇವಕ್ಕೆ ಅಂಕವಿಲ್ಲ, ಒಟ್ಟು ಎರಡೇ. ಎರಡನೆಯವನ ತೂಕ 52 ಕಿಲೋ, ಅದಕ್ಕೊಂದು ಅಂಕ. 200 ಮೀಟರ್ ಮಾತ್ರ ನಡೆಯಬಲ್ಲ, ಅದಕ್ಕೆರಡು. ಸಪಾಟು ದಾರಿಯಲ್ಲೂ ನೂರು ಮೀಟರಿಗೆ ನಿಂತುಬಿಡುತ್ತಾನೆ, ಅದಕ್ಕೆರಡು. ಒಟ್ಟು ಏಳು. ಆ ಅಧ್ಯಯನದಲ್ಲಿ ಎರಡರವರೆಗೆ ಅಂಕ ಬಂದವರಲ್ಲಿ ನೂರಕ್ಕೆ ಸುಮಾರು 80 ಮಂದಿ ನಾಲ್ಕು ವರ್ಷದ ನಂತರವೂ ಬದುಕಿದ್ದರು. ಏಳಕ್ಕೂ ಮೇಲೂ ಬಂದವರಲ್ಲಿ ಸುಮಾರು 18 ಮಂದಿ. ಯಂತ್ರದ ಅಂಕಿ ಒಂದೇ, ದಾರಿ ಬೇರೆ ಬೇರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನೂರಕ್ಕೆ 18 ಎಂಬುದು ಒಂದು ಗುಂಪಿನ ಲೆಕ್ಕ. ಆ ಹದಿನೆಂಟರಲ್ಲಿ ನಮ್ಮ ಅಪ್ಪ ಇದ್ದಾನೋ ಇಲ್ಲವೋ ಎಂದು ಯಾವ ಪಟ್ಟಿಯೂ ಹೇಳದು. ಅದು ತಾರೀಖು ಬರೆದ ಹುಂಡಿಯಲ್ಲ.

ಇನ್ನೊಂದು ಸಂಗತಿ. ಹೋದ ಗಾಳಿ ಹೆಚ್ಚಾಗಿ ಮರಳಿ ಬಾರದು. ಆದರೆ ಉಳಿದ ಮೂರು ಅಂಕಗಳು ನಮ್ಮ ಕೈಯಲ್ಲಿ ಸ್ವಲ್ಪವಾದರೂ ಉಂಟು. ಡಾಕ್ಟರರ ಮೇಲ್ವಿಚಾರಣೆಯಲ್ಲಿ ದಿನಾ ನಡಿಗೆಯ ಅಭ್ಯಾಸ ಮಾಡಿದರೆ ನಡೆಯುವ ದೂರ ಹೆಚ್ಚುತ್ತದೆ, ಏದುಸಿರು ತಗ್ಗುತ್ತದೆ. ಸೊರಗಿದವರಿಗೆ ಹೊಟ್ಟೆತುಂಬ ಪೌಷ್ಟಿಕ ಊಟ ಬೇಕು. ಬೀಡಿ ಬಿಟ್ಟರೆ ಗಾಳಿ ಕುಸಿಯುವ ವೇಗ ತಗ್ಗುತ್ತದೆ ಎಂದು ಬ್ರಿಟನ್ನಿನ ಫ್ಲೆಚರ್ ಮತ್ತು ಪೀಟೋ 1977ರಲ್ಲೇ ತೋರಿಸಿಕೊಟ್ಟರು. ರಕ್ತದಲ್ಲಿ ಆಮ್ಲಜನಕ ತೀರ ಇಳಿದವರಿಗೆ ದಿನಕ್ಕೆ 15 ತಾಸಾದರೂ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು 1980, 81ರ ಅಧ್ಯಯನಗಳಿಂದ ತಿಳಿಯಿತು.

2023ರಿಂದ ಗೋಲ್ಡ್ ಸಂಸ್ಥೆಯವರು ಚಿಕಿತ್ಸೆಗಾಗಿ ಎ, ಬಿ, ಇ ಎಂಬ ಮೂರು ಗುಂಪು ಮಾಡಿದ್ದಾರೆ. ಒಂದು ವರ್ಷದೊಳಗೆ ರೋಗ ಉಲ್ಬಣಿಸಿ ಒಮ್ಮೆ ಆಸ್ಪತ್ರೆ ಸೇರಿದ್ದರೂ ‘ಇ’ ಗುಂಪು, ಔಷಧ ಬೇರೆ. ಆದ್ದರಿಂದ ದವಾಖಾನೆಗೆ ಹೋಗುವಾಗ ಹಳೆಯ ಕಾಗದಗಳನ್ನು ತಪ್ಪದೆ ಒಯ್ಯಿರಿ. ಗಡಿಯ ಆಚೆ ಸೇರಿದ್ದರೂ ಈಚೆ ಸೇರಿದ್ದರೂ ಆ ಮಾತು ಹೇಳಿರಿ. ‘ದಮ್ಮು ಹತ್ತತದ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿರಿ. ಬಾವಿಗೆ ಹೋಗುವಾಗ ಎಲ್ಲಿ ನಿಲ್ಲುತ್ತೀರಿ, ಅಂಗಿ ತೊಡುವಾಗಲೂ ಉಸಿರು ಸಾಲದೇ, ಈ ವರ್ಷ ಎಷ್ಟು ಸಲ ಹೆಚ್ಚಾಯಿತು, ಇದನ್ನು ಮರಾಠಿಯಲ್ಲಾಗಲಿ ಕನ್ನಡದಲ್ಲಾಗಲಿ ಬಿಡಿಸಿ ಹೇಳಿರಿ. ಡಾಕ್ಟರರು ದರ್ಜೆ ಬರೆಯುವುದು ಅದರ ಮೇಲೆ.