ಮಗ್ಗ ಒಂದು, ಕಾರ್ಡು ಐದು ಸಾವಿರ

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಜಕಾರ್ಡಿನಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರವನ್ನು ನೀವು ನೋಡಿರಬಹುದು. ತೂತಿರುವ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಕಾರ್ಡು ಬದಲಾಯಿಸಿದರೆ ಸಾಕು, ಅದೇ ಮಗ್ಗದಲ್ಲಿ ಸೆರಗಿನ ನವಿಲು ಹೋಗಿ ಮಾವಿನಕಾಯಿ ಬರುತ್ತದೆ. ಇಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್ ಬಗ್ಗೆ ಯಾರಾದರೂ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಕಾರ್ಡುಗಳೇ.

ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಹೊರತಂದ ಗ್ನೂ ಇಮ್ಯಾಕ್ಸ್‌ಗೆ ಹೊಸ ಕೆಲಸ ಕಲಿಸುವ ಕಾರ್ಡನ್ನು ಪ್ಯಾಕೇಜ್ ಎನ್ನುತ್ತಾರೆ. 2012ರ ಜೂನ್‌ನಲ್ಲಿ ಬಂದ 24ನೇ ಆವೃತ್ತಿಯಲ್ಲಿ ಪ್ಯಾಕೇಜ್ ತರಿಸಿಕೊಳ್ಳುವ ಸೌಲಭ್ಯ ಒಳಗೇ ಸೇರಿತು. ತರಿಸಲು ಉಗ್ರಾಣ ಬೇಕಲ್ಲ? ಗ್ನೂ ಯೋಜನೆಯದೇ ಆದ ಎಲ್ಪಾ ಒಂದು, ಡೊನಾಲ್ಡ್ ಕರ್ಟಿಸ್ ಶುರು ಮಾಡಿದ ಮೆಲ್ಪಾ ಇನ್ನೊಂದು. ಮೆಲ್ಪಾದಲ್ಲಿ ಈಗ 5,000ಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ.

ಮೆಲ್ಪಾ ಯಾರಿಗೂ ಸರಕು ತಂದು ಸುರಿಯಿರಿ ಎನ್ನುವುದಿಲ್ಲ. ರೆಸಿಪಿ ಎಂಬ ಒಂದೆರಡು ಸಾಲಿನ ಚೀಟಿ ಕೊಟ್ಟರಾಯಿತು: ಹೆಸರೇನು, ಮೂಲ ಎಲ್ಲಿದೆ. ಕೆಲವು ಗಂಟೆಗೊಮ್ಮೆ ಯಂತ್ರವೇ ಚೀಟಿ ಹಿಡಿದು ಮೂಲಕ್ಕೆ ಹೋಗಿ, ಹೊಸದೇನಾದರೂ ಇದ್ದರೆ ಕಟ್ಟಿ ತಂದು, ತಿದ್ದಿದ ದಿನ ಮತ್ತು ಹೊತ್ತನ್ನೇ ಆವೃತ್ತಿಯ ಸಂಖ್ಯೆಯಾಗಿ ಒತ್ತುತ್ತದೆ. 20240115.1030 ಎಂದಿದ್ದರೆ 2024ರ ಜನವರಿ 15ರದು ಎಂದು ಯಾರೂ ಓದಿಕೊಳ್ಳಬಹುದು.

ಆದರೆ ಹೊಸ ಚೀಟಿಯನ್ನು ಒಳಗೆ ಬಿಡುವುದು ಮನುಷ್ಯರೇ. ಇದೇ ಕೆಲಸದ ಇನ್ನೊಂದು ಪ್ಯಾಕೇಜ್ ಆಗಲೇ ಇದೆಯೇ, ಪರವಾನಗಿ ಸರಿಯಿದೆಯೇ ಎಂದು ಸ್ವಯಂಸೇವಕರು ಕೂತು ಓದುತ್ತಾರೆ. ಈ ಓದು ಎಷ್ಟು ಮುಖ್ಯ ಎನ್ನಲು 2018ರ ತೀರ್ಮಾನ ನೋಡಿ. ಯಾರು ಬೇಕಾದರೂ ತಿದ್ದಬಹುದಾದ ವಿಕಿಯಿಂದ ಬರುತ್ತಿದ್ದ ಪ್ಯಾಕೇಜ್‌ಗಳನ್ನೆಲ್ಲ ಮೆಲ್ಪಾ ಆ ವರ್ಷ ತೆಗೆದುಹಾಕಿತು. ಕೆಟ್ಟ ಬುದ್ಧಿಯವನೊಬ್ಬ ಒಂದು ಸಾಲು ಸೇರಿಸಿದ್ದರೂ ಅದು ಎಷ್ಟೋ ಜನರ ಕಂಪ್ಯೂಟರ್ ಹೊಕ್ಕುಬಿಡುತ್ತಿತ್ತು. ಬರೆದವರು ಕೈಬಿಟ್ಟ ಪ್ಯಾಕೇಜ್‌ಗಳನ್ನು ಸಾಕಿಕೊಳ್ಳಲು ಇಮ್ಯಾಕ್ಸ್ ಬಳಗದವರು ‘ಅನಾಥಾಲಯ’ ಎಂಬ ಹೆಸರಿನಲ್ಲೇ ಒಂದು ತಾಣ ಇಟ್ಟುಕೊಂಡಿದ್ದಾರೆ. ಆ ಹೆಸರು ನನ್ನನ್ನು ಬಹಳ ತಟ್ಟಿತು.

ಕನ್ನಡಕ್ಕಂತೂ ಇಮ್ಯಾಕ್ಸ್‌ನಲ್ಲಿ ಪ್ಯಾಕೇಜ್ ಹುಡುಕಬೇಕಾಗಿಲ್ಲ. ಕಂಟ್ರೋಲ್ ಕೀ ಒತ್ತಿಹಿಡಿದು ಎಚ್, ಅದನ್ನು ಬಿಟ್ಟು ಮತ್ತೊಮ್ಮೆ ಎಚ್ ಒತ್ತಿ. ಲೋಕದ ಹತ್ತಾರು ಭಾಷೆಗಳ ವಂದನೆಗಳ ಪಟ್ಟಿಯಲ್ಲಿ ನಮ್ಮ ‘ನಮಸ್ಕಾರ’ವೂ ಇದೆ. ಐಟ್ರಾನ್ಸ್ ಕೀಲಿ ವಿನ್ಯಾಸ ಆರಿಸಿಕೊಂಡು, ಇಂಗ್ಲಿಷ್ ಕೀಗಳಲ್ಲೇ ಎಮ್, ಎ, ಜಿ, ಜಿ, ಎ ಒತ್ತುತ್ತಾ ಹೋದರೆ ಐದನೆಯ ಕೀಗೆ ‘ಮಗ್ಗ’ ಮೂಡುತ್ತದೆ.

ಆ ಗಕಾರದ ಒತ್ತು ತನ್ನ ಜಾಗದಲ್ಲಿ ಸರಿಯಾಗಿ ಕೂರಬೇಕಾದರೆ ಒಳ್ಳೆಯ ಫಾಂಟ್ ಬೇಕು. ಅದಕ್ಕೆ ಡೆಬಿಯನ್ ಎಂಬ ಇನ್ನೂ ದೊಡ್ಡ ಉಗ್ರಾಣವಿದೆ. ಕನ್ನಡಿಗರೇ ಮಾಡಿದ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟ್‌ಗಳು ಅಲ್ಲಿವೆ. ಅಲ್ಲಿನ ಪ್ರತಿ ಪ್ಯಾಕೇಜಿನ ಜೊತೆಗೂ ಅದನ್ನು ನೋಡಿಕೊಳ್ಳುವವರು ಯಾರೆಂದು ಬರೆದಿರುತ್ತದೆ. ಫಾಂಟ್ ಹಾಕಿಕೊಳ್ಳುವಾಗ ಆ ಸಾಲನ್ನೂ ಒಮ್ಮೆ ಓದಿ.