ಹನ್ನೆರಡೂಮುಕ್ಕಾಲು ನಿಮಿಷಕ್ಕೊಂದು ಗ್ರಹಣ

ಯುಗಾದಿಯಂದು ಪಂಚಾಂಗವನ್ನು ಬಿಡಿಸಿ, ವರ್ಷಕ್ಕೆ ಒದಗುವ ಎರಡು ಮೂರು ಗ್ರಹಣಗಳ ಸ್ಪರ್ಶ, ಮಧ್ಯ, ಮೋಕ್ಷಕಾಲಗಳನ್ನು ಗುರುತಿಟ್ಟುಕೊಳ್ಳುವ ನಮಗೆ, ಹನ್ನೆರಡೂಮುಕ್ಕಾಲು ನಿಮಿಷಕ್ಕೊಮ್ಮೆ ತಪ್ಪದೆ ಗ್ರಹಣ ಹಿಡಿಯುವ ತಾರೆಯೊಂದು ಉಂಟೆಂದರೆ ನಂಬಿಕೆ ಹುಟ್ಟುವುದು ಸುಲಭವಲ್ಲ. 2011ರಲ್ಲಿ ವಾರೆನ್ ಬ್ರೌನ್ ಮತ್ತು ಅವರ ಸಂಗಡಿಗರು ಕಂಡುಹಿಡಿದ, ಜೆ0651 ಎಂಬ ನೀರಸ ನಾಮಧೇಯದ ಈ ಯಮಳ ನಕ್ಷತ್ರವು ಸುಮಾರು 3000 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಎರಡೂ ಇಂಧನ ತೀರಿ ಕುಗ್ಗಿದ ಶ್ವೇತಕುಬ್ಜಗಳು. ನಡುವಣ ಅಂತರವಾದರೋ ಭೂಮಿಗೂ ಚಂದ್ರನಿಗೂ ಇರುವುದರ ಮೂರನೆಯ ಒಂದು ಪಾಲು.

ಎಂಥ ದೂರದರ್ಶಕಕ್ಕೂ ಈ ಜೋಡಿ ಒಂದೇ ಚುಕ್ಕೆಯಾಗಿ ತೋರುವುದರಿಂದ, ಖಗೋಳಜ್ಞನು ಬೆಳಕನ್ನು ಅಳೆದೇ ಅವುಗಳ ವೃತ್ತಾಂತವನ್ನು ತಿಳಿಯಬೇಕು. ಕೆಲವು ಸೆಕೆಂಡುಗಳಿಗೊಂದರಂತೆ ಚಿತ್ರ ತೆಗೆದು, ಚುಕ್ಕೆಯ ಕಾಂತಿಯನ್ನು ಅದೇ ಚಿತ್ರದಲ್ಲಿರುವ ಅಚಂಚಲವಾದ ನೆರೆಯ ತಾರೆಯ ಕಾಂತಿಯೊಡನೆ ಅವನು ಹೋಲಿಸುತ್ತಾನೆ. ತೆಳುಮೋಡ ಹಾದರೆ ಎರಡೂ ಒಟ್ಟಿಗೆ ಮಂಕಾಗುವುದರಿಂದ ಮೋಡದ ಮೋಸ ನಡೆಯದು. ಹೀಗೆ ದೊರೆತ ದೀಪ್ತಿರೇಖೆಯಲ್ಲಿ, ಒಂದು ತಾರೆ ಇನ್ನೊಂದನ್ನು ಮರೆಮಾಡಿದಾಗಲೆಲ್ಲ ಒಂದರಂತೆ, ಸುತ್ತಿಗೆ ಎರಡು ತಗ್ಗುಗಳು, ಒಂದು ಆಳವಾದುದು, ಇನ್ನೊಂದು ಅಷ್ಟಕ್ಕಷ್ಟೆ. ಅವುಗಳ ನಡುವೆಯೂ ರೇಖೆ ಸಮನಾಗಿರದೆ ಪರಿಭ್ರಮಣಕ್ಕೆರಡು ಬಾರಿ ಏರಿಳಿಯುತ್ತದೆ. ಭಾರವಾದ ತಾರೆಯ ಸೆಳೆತಕ್ಕೆ ಸಿಕ್ಕಿದ ಹಗುರ ತಾರೆ ಅಂಡಾಕಾರವನ್ನು ತಾಳಿ, ಒಮ್ಮೆ ಮೈಯನ್ನೂ ಒಮ್ಮೆ ತುದಿಯನ್ನೂ ನಮ್ಮತ್ತ ತಿರುಗಿಸುವುದೇ ಇದಕ್ಕೆ ಕಾರಣ. ವಿಚಿತ್ರವೆಂದರೆ, ಹಗುರವಾದ ಇದೇ ಗಾತ್ರದಲ್ಲಿ ಹಿರಿದು: ಶ್ವೇತಕುಬ್ಜಗಳಲ್ಲಿ ದ್ರವ್ಯ ಹೆಚ್ಚಿದಷ್ಟೂ ದೇಹ ಕಿರಿದು.

ಇದೆಲ್ಲಕ್ಕಿಂತ ನನಗೆ ಸ್ವಾರಸ್ಯವಾಗಿ ಕಾಣುವುದು ಗ್ರಹಣದ ಹೊತ್ತು. ಐನ್‌ಸ್ಟೈನರ ಸಿದ್ಧಾಂತದಂತೆ ಇಂಥ ಜೋಡಿ ಗುರುತ್ವ ತರಂಗಗಳ ರೂಪದಲ್ಲಿ ಶಕ್ತಿಯನ್ನು ಕಳೆದುಕೊಂಡು ಹತ್ತಿರ ಹತ್ತಿರ ಸರಿಯಬೇಕು. ಆದರೆ ವರ್ಷಕ್ಕೆ ಪರಿಭ್ರಮಣಾವಧಿ ಕುಂದುವುದು ಮಿಲಿಸೆಕೆಂಡಿನ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಒಂದು ಗ್ರಹಣವನ್ನು ಮತ್ತೊಂದರೊಡನೆ ಹೋಲಿಸಿ ಅದನ್ನು ಕಾಣಲಾಗದು. ವರ್ಷವೊಂದರಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕ ಸುತ್ತುಗಳಾಗುವಲ್ಲಿ ಈ ಕೊರತೆ ಬಡ್ಡಿಗೆ ಬಡ್ಡಿ ಸೇರಿದಂತೆ ಬೆಳೆಯುತ್ತದೆ. ಟೆಕ್ಸಾಸಿನ ಮ್ಯಾಕ್‌ಡೊನಾಲ್ಡ್ ವೀಕ್ಷಣಾಲಯದಲ್ಲಿರುವ, ಈ ಕಾಲಕ್ಕೆ ದೊಡ್ಡದೆನ್ನಲಾಗದ 2.1 ಮೀಟರ್ ದೂರದರ್ಶಕವನ್ನೂ ಇತರ ಕೆಲವನ್ನೂ ಬಳಸಿ ಜೆ. ಜೆ. ಹರ್ಮೀಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅವಧಿ ಬದಲಾಗದಿದ್ದರೆ ಬರಬೇಕಾಗಿದ್ದ ಕ್ಷಣಕ್ಕಿಂತ ಗ್ರಹಣವು ಸುಮಾರು ಆರು ಸೆಕೆಂಡು ಮೊದಲೇ ಬಂದಿತ್ತು. ಭೂಮಿಯು ಸೂರ್ಯನನ್ನು ಸುತ್ತುತ್ತ ತಾರೆಯತ್ತ ಸಾಗಿ ಮತ್ತೆ ಹಿಂದೆ ಸರಿಯುವುದರಿಂದಲೇ ಬೆಳಕಿನ ಆಗಮನ ನಿಮಿಷಗಟ್ಟಲೆ ಹಿಂದುಮುಂದಾಗುತ್ತದೆಂಬುದನ್ನು ನೆನೆದರೆ, ಆ ವ್ಯತ್ಯಾಸವನ್ನೆಲ್ಲ ಕಳೆದು, ಸೌರವ್ಯೂಹದ ದ್ರವ್ಯಕೇಂದ್ರದಲ್ಲಿ ಕುಳಿತು ನೋಡಿದಂತೆ ತಿದ್ದಿದ ಮೇಲೆ ಉಳಿದ ಈ ಆರು ಸೆಕೆಂಡುಗಳ ಬೆಲೆ ತಿಳಿದೀತು.

2019ರಲ್ಲಿ, ಪಾಲೊಮಾರ್ ಬೆಟ್ಟದ ಝಡ್‌ಟಿಎಫ್ ಎಂಬ ಆಕಾಶ ಸಮೀಕ್ಷೆಯ ನೆರವಿನಿಂದ ಕೆವಿನ್ ಬರ್ಜ್ ಮೊದಲಾದವರು ಏಳು ನಿಮಿಷಕ್ಕೂ ಕಡಿಮೆ ಅವಧಿಯ ಇನ್ನೊಂದು ಜೋಡಿಯನ್ನು ಪ್ರಕಟಪಡಿಸಿದರು. ಮುಂದಿನ ದಶಕದಲ್ಲಿ ಬಾಹ್ಯಾಕಾಶಕ್ಕೇರಲಿರುವ ಲೀಸಾ ಎಂಬ ಉಪಕರಣ ಈ ಜೋಡಿಗಳ ಗುರುತ್ವ ತರಂಗಗಳನ್ನೇ ನೇರವಾಗಿ ಗ್ರಹಿಸುವ ನಿರೀಕ್ಷೆಯಿದ್ದು, ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅವಧಿ ಮೊದಲೇ ಗೊತ್ತಿರುವ ಇಂಥ ತಾರೆಗಳಿಂದಲೇ ಪರೀಕ್ಷಿಸುವರು.