ಆಸ್ತಿ ತೆರಿಗೆ ಬಾಕಿ: ಮನ್ನಾ ಆದದ್ದು ಯಾವುದು?

ಹಳೆಯ ಆಸ್ತಿ ತೆರಿಗೆ ಬಾಕಿಯು ಕಾಲಕ್ರಮೇಣ ತಾನಾಗಿಯೇ ಮನ್ನಾ ಆಗುವುದೆಂಬ ನಂಬಿಕೆ ಕತ್ರಿಗುಪ್ಪೆಯ ಕೆಲವು ವರ್ತಕ ಬಾಂಧವರಲ್ಲಿ ಇಂದಿಗೂ ಇದೆ. ಇದು ನಿರಾಧಾರ. ಅಮೆರಿಕದ ಹಲವು ರಾಜ್ಯಗಳಲ್ಲಿ ಸ್ಥಳೀಯ ಸಂಸ್ಥೆಗಳು ಅಂಗಡಿಯ ಯಂತ್ರ, ಪೀಠೋಪಕರಣಗಳ ಮೇಲೂ ತೆರಿಗೆ ವಿಧಿಸುತ್ತವೆ. ಮಾಲೀಕನು ಊರು ಬಿಟ್ಟರೆ ಜಪ್ತಿಗೆ ಏನೂ ಉಳಿಯದು. ಅಂತಹ ಬಾಕಿಯನ್ನು ಲೆಕ್ಕದಿಂದ ತೆಗೆದುಹಾಕದೆ ಗತ್ಯಂತರವಿಲ್ಲ. ನಮ್ಮಲ್ಲಿ ಈ ತೆರಿಗೆ ಇರುವುದು ನೆಲ ಹಾಗೂ ಕಟ್ಟಡದ ಮೇಲೆ. ನೆಲ ಎಲ್ಲಿಗೂ ಓಡಿಹೋಗುವುದಿಲ್ಲ!

2024ರಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ತಂದ ಒಂದಾವರ್ತಿ ತೀರುವಳಿ ಯೋಜನೆಯಲ್ಲಿ ಬಡ್ಡಿ ಪೂರ್ತಿಯಾಗಿ, ದಂಡ ಅರ್ಧದಷ್ಟು ಮನ್ನಾ ಆಯಿತು. ಅಸಲು ತೆರಿಗೆಯನ್ನು ಬಿಡಲಿಲ್ಲ. ಗಡುವು ಮತ್ತೆ ಮತ್ತೆ ವಿಸ್ತರಣೆಗೊಂಡು ನವೆಂಬರ್ 30ಕ್ಕೆ ಮುಗಿಯಿತು. ಸಕಾಲದಲ್ಲಿ ಕಟ್ಟಿದವರಿಗೆ ದೊರೆತದ್ದು ಶೇ. 5ರ ರಿಯಾಯಿತಿ, ವರ್ಷಗಟ್ಟಲೆ ಕಟ್ಟದವರಿಗೆ ಬಡ್ಡಿಯೇ ಇಲ್ಲ. ಈ ತಾರತಮ್ಯ ನನಗಂತೂ ಒಪ್ಪಿಗೆಯಿಲ್ಲ. 2025ರಲ್ಲಿ ಪಾಲಿಕೆಯು ಐದಾಗಿ ಒಡೆಯಿತು, ಬಾಕಿ ಅಳಿಯಲಿಲ್ಲ.

ವಾಸದ ಮನೆಯೆಂದು ಘೋಷಿಸಿ ಕೆಳಮಹಡಿಯಲ್ಲಿ ಅಂಗಡಿ ನಡೆಸಿದರೆ ವ್ಯತ್ಯಾಸದ ತೆರಿಗೆಯ ಜೊತೆಗೆ ದಂಡವೂ ಬೀಳುವುದು. ಬಾಡಿಗೆದಾರರ ಪಾಡು ಇನ್ನೂ ಕಷ್ಟ. ತೆರಿಗೆ ಕಟ್ಟಬೇಕಾದವರು ಕಟ್ಟಡದ ಮಾಲೀಕರು. ಬೀಗಮುದ್ರೆ ಬೀಳುವುದು ಬಾಡಿಗೆದಾರರ ಅಂಗಡಿಗೆ. ಆದ್ದರಿಂದ ಕರಾರು ನವೀಕರಿಸುವ ಮುನ್ನ ಮಾಲೀಕರಿಂದ ಚಾಲ್ತಿ ವರ್ಷದ ತೆರಿಗೆ ರಸೀದಿಯ ಪ್ರತಿಯನ್ನು ಕೇಳಿ ಪಡೆಯತಕ್ಕದ್ದು. ಸಂಕೋಚ ಬೇಡ.

ಸ್ವಂತ ಕಟ್ಟಡದಲ್ಲಿ ವ್ಯವಹರಿಸುವವರು ಪುಸ್ತಕದಲ್ಲಿ ‘ಪಾವತಿಸಬೇಕಾದ ತೆರಿಗೆ’ ಎಂದು ಬರೆದಿಟ್ಟರೆ ಸಾಲದು. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಹಣ ಕಟ್ಟಿದ್ದರಷ್ಟೇ ಅದು ಆ ವರ್ಷದ ಖರ್ಚಾಗುವುದು. ಸುಳ್ಳು ಘೋಷಣೆಗೆ ತೆತ್ತ ದಂಡವಂತೂ ಯಾವ ವರ್ಷದಲ್ಲಿಯೂ ಖರ್ಚೆಂದು ಸಲ್ಲುವುದಿಲ್ಲ.